ಕುಂಡದ ಮೆಣಸಿನ ಗಿಡ ಸೊರಗಿದೆಯೇ? ಗೊಬ್ಬರಕ್ಕೆ ಮುಂಚೆ ಬೇರು ನೋಡಿ

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ತಾರಸಿಯ ಮೆಣಸಿನ ಗಿಡಗಳ ಗೋಳು ಶುರುವಾಗುತ್ತದೆ. ಫೆಬ್ರವರಿಯಲ್ಲಿ ಮನೆಗೆ ಸಾಕಾಗುವಷ್ಟು ಕಾಯಿ ಕೊಟ್ಟ ಗಿಡ ಏಪ್ರಿಲ್ ಹೊತ್ತಿಗೆ ಮಧ್ಯಾಹ್ನವಾದರೆ ಜೋತುಬೀಳುತ್ತದೆ. ಹೂವು ಬಿಟ್ಟಷ್ಟೂ ಉದುರುತ್ತವೆ, ಸುಳಿಯ ಎಲೆ ಮುದುಡುತ್ತದೆ. ಇದನ್ನು ಕಂಡ ಕೂಡಲೇ ಕೈ ಹೋಗುವುದು ನೀರಿನ ಚೊಂಬಿಗೆ, ಇಲ್ಲವೇ ಗೊಬ್ಬರದ ಡಬ್ಬಕ್ಕೆ. ಬಿಸಿಲಿಗೆ ಬರೀ ಬಾಡಿದ್ದ ಎಷ್ಟೋ ಗಿಡಗಳು ಸಾಯುವುದು ಈ ಉಪಚಾರ ಆದ ಮೇಲೆ.

ಬೆಂಗಳೂರಿನಂಥ ತಂಪು ಊರಿನಲ್ಲೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಬಿಸಿಲು ದಾಖಲಾಯಿತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಆಗ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ ಅಡುಗೆಮನೆಯ ನೀರನ್ನೂ ಕುಂಡಕ್ಕೆ ಸುರಿಯುವುದು ಸುಲಭದ ದಾರಿಯಾಗಿ ಕಂಡಿತು. ಅದರಿಂದ ಗಿಡಕ್ಕೆ ಆಗುವುದೇನು ಎಂಬುದನ್ನು ಮುಂದೆ ನೋಡೋಣ.

ಇಲ್ಲಿ ಹೇಳುತ್ತಿರುವುದು ಹಸಿಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಜೀರಿಗೆ ಮೆಣಸು ಇವುಗಳ ಗಿಡದ ಬಗ್ಗೆ. ಬಳ್ಳಿಯಲ್ಲಿ ಬಿಡುವ ಕಾಳುಮೆಣಸಿನ ಸಂಗತಿಯೇ ಬೇರೆ.

ಗಿಡಕ್ಕೆ 'ಒತ್ತಡ' ಅಂದರೆ ಏನು?

ಎಲೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಬೇರು ಅಷ್ಟೇ ನೀರನ್ನು ಮೇಲಕ್ಕೆ ಕಳಿಸುತ್ತಿರಬೇಕು. ಈ ಲೆಕ್ಕ ಸರಿಹೋಗುವ ತನಕ ಗಿಡ ನೆಟ್ಟಗೆ ನಿಂತಿರುತ್ತದೆ. ಹೋಗುವುದು ಜಾಸ್ತಿಯಾಗಿ ಬರುವುದು ಕಡಿಮೆಯಾದರೆ ಎಲೆ ಜೋಲುತ್ತದೆ. ಆಗ ಗಿಡ ತನ್ನ ಎಲೆಗಳ ಅಡಿಯಲ್ಲಿರುವ ಸಣ್ಣ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು, ಮುಚ್ಚಿಕೊಂಡು ನೀರು ಉಳಿಸಿಕೊಳ್ಳುತ್ತದೆ. ಆದರೆ ಆಹಾರ ತಯಾರಿಸಲು ಬೇಕಾದ ಗಾಳಿ ಒಳಗೆ ಬರುವುದೂ ಅದೇ ಬಾಯಿಗಳಿಂದ. ಹೀಗಾಗಿ ನೀರು ಉಳಿಸುವ ಗಿಡ ಉಪವಾಸ ಬೀಳುತ್ತದೆ.

ಉಪವಾಸ ಬಿದ್ದ ಮನೆಯಲ್ಲಿ ಮೊದಲು ನಿಲ್ಲುವುದು ಹಬ್ಬದ ಖರ್ಚು. ಗಿಡವೂ ಹಾಗೆಯೇ ಮೊದಲು ಹೂವು ಉದುರಿಸುತ್ತದೆ, ಆಮೇಲೆ ಎಳೆಗಾಯಿ, ಆಮೇಲೆ ಹಳೆಯ ಎಲೆ. ಕೊನೆಯವರೆಗೂ ಕಾಪಾಡಿಕೊಳ್ಳುವುದು ಕಾಂಡವನ್ನೂ ಬೇರನ್ನೂ. ಆದ್ದರಿಂದ ಹೂವು ಉದುರುವುದನ್ನು ರೋಗ ಎಂದುಕೊಳ್ಳಬೇಕಾಗಿಲ್ಲ. ಗಿಡ ಖರ್ಚು ಕಡಿಮೆ ಮಾಡುತ್ತಿದೆ, ಅಷ್ಟೆ.

ಎಲ್ಲ ಎಲೆ ಉದುರಿ ಕಡ್ಡಿಯಂತಾದ ಗಿಡವನ್ನು ಕಿತ್ತೆಸೆಯುವ ಮೊದಲು ಕಾಂಡದ ಬುಡದ ಹತ್ತಿರ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರು, ತೇವ ಕಂಡರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಇನ್ನಷ್ಟು ಕೆಳಗೆ ಕೆರೆಯಿರಿ. ಬುಡದವರೆಗೂ ಹಸಿರು ಕಾಣದಿದ್ದರೆ ಆ ಗಿಡ ಮುಗಿದಂತೆ. ನಾವು ಒಂದು ಬೆಳೆ ತೆಗೆದು ಕೀಳುವ ಅಭ್ಯಾಸ ಮಾಡಿಕೊಂಡಿದ್ದರೂ ಮೆಣಸಿನ ಗಿಡ ಬಹುವಾರ್ಷಿಕ. ಚಳಿ ಹೆಚ್ಚಿಲ್ಲದ ನಮ್ಮಂಥ ಕಡೆ ಎರಡು ಮೂರು ವರ್ಷ ಬಾಳುತ್ತದೆ, ಮಲೆನಾಡಿನ ಹಿತ್ತಲಿನ ಜೀರಿಗೆ ಮೆಣಸು ಇನ್ನೂ ಹೆಚ್ಚು. ಹಾಗಾಗಿ ಉಳಿಸಿಕೊಳ್ಳಲು ಪಡುವ ಶ್ರಮಕ್ಕೆ ಅರ್ಥವಿದೆ.

ಬಾಡಿದ್ದು ನೀರು ಸಾಲದೆಯೋ, ಹೆಚ್ಚಾಗಿಯೋ?

ಎರಡಕ್ಕೂ ಲಕ್ಷಣ ಒಂದೇ, ಜೋತುಬಿದ್ದ ಎಲೆ. ಗೊಂದಲ ಹುಟ್ಟುವುದೇ ಇಲ್ಲಿ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ, ಆ ಸಂದುಗಳೆಲ್ಲ ದಿನಗಟ್ಟಲೆ ನೀರಿನಿಂದ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರನ್ನು ಎಳೆಯಲಾರದು. ಸುತ್ತ ನೀರಿದ್ದೂ ಗಿಡ ಬಾಯಾರಿ ಬಾಡುತ್ತದೆ. ಅದನ್ನು ನೋಡಿ ಮತ್ತಷ್ಟು ನೀರು ಹಾಕಿದರೆ ಮುಗಿಯಿತು.

ಗುರುತಿಸಲು ಮೂರು ಪರೀಕ್ಷೆ ಸಾಕು. ಮೊದಲನೆಯದು ಬೆರಳು: ಎರಡು ಇಂಚು ಆಳಕ್ಕೆ ತೂರಿಸಿ. ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರಿರಬಹುದು, ಮೇಲೆ ಒದ್ದೆ ಕಂಡರೂ ಒಳಗೆ ಬೂದಿಯಂತೆ ಒಣಗಿರಬಹುದು. ಎರಡನೆಯದು ತೂಕ: ಚೆನ್ನಾಗಿ ನೀರು ಕುಡಿದ ಕುಂಡವನ್ನು ಒಮ್ಮೆ ಎತ್ತಿ ನೋಡಿಟ್ಟುಕೊಂಡರೆ ಮರುದಿನದಿಂದ ಕೈಯೇ ಹೇಳುತ್ತದೆ. ಮೂರನೆಯದು ಹೊತ್ತು: ಮಧ್ಯಾಹ್ನ ಎರಡಕ್ಕೆ ಜೋತುಬಿದ್ದು ಸಂಜೆ ಆರರ ಹೊತ್ತಿಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಬಾಡುವಿಕೆ, ಗಾಬರಿಪಡಬೇಕಾಗಿಲ್ಲ. ಮಣ್ಣು ತೇವವಿದ್ದೂ ಬೆಳಗ್ಗೆ ಏಳಕ್ಕೂ ಜೋತುಬಿದ್ದೇ ಇದ್ದರೆ ತೊಂದರೆ ಬೇರಿನಲ್ಲಿದೆ.

ಮಣ್ಣು ತೇವವಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಿ, ಕುಂಡವನ್ನು ಓರೆಮಾಡಿ ತಳದ ತೂತು ಕಟ್ಟಿದೆಯೇ ನೋಡಿ. ತಂತಿಯಿಂದ ಬಿಡಿಸಿ, ತಟ್ಟೆ ಇದ್ದರೆ ತೆಗೆದುಬಿಡಿ, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿ ಗಾಳಿಯಾಡುವ ನೆರಳಿಗೆ ಸರಿಸಿ. ನಾಲ್ಕೈದು ದಿನ ಕಳೆದರೂ ಮಣ್ಣು ಆರದಿದ್ದರೆ ಗಿಡವನ್ನು ಮಣ್ಣುಗಡ್ಡೆ ಸಮೇತ ಹೊರತೆಗೆದು ಬೇರು ನೋಡಬೇಕು. ಆರೋಗ್ಯದ ಬೇರು ಬೆಳ್ಳಗೆ ಅಥವಾ ಕೆನೆ ಬಣ್ಣಕ್ಕೆ ಇದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದುಗಟ್ಟಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬರುತ್ತದೆ. ವಾಸನೆಯೇ ಎಷ್ಟೋ ಸಲ ಮೊದಲು ತಿಳಿಸುತ್ತದೆ.

ಇನ್ನು ಒಣಗಿದ ಕುಂಡದ ಸಮಸ್ಯೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹೆಚ್ಚಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಹೀರುವುದೇ ಇಲ್ಲ. ಗಡ್ಡೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಸುರಿದ ನೀರು ಆ ಸಂದಿನಿಂದ ಸರ್ರನೆ ಇಳಿದು ಕೆಳಗೆ ಹೋಗುತ್ತದೆ. ನೋಡುವವರಿಗೆ 'ನೀರು ಚೆನ್ನಾಗಿ ಬಸಿಯುತ್ತಿದೆ' ಎನಿಸುತ್ತದೆ. ಇಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಮುಕ್ಕಾಲು ಮುಳುಗುವಂತೆ 20–30 ನಿಮಿಷ ಇಡಿ. ಗುಳ್ಳೆ ಬರುವುದು ನಿಂತಾಗ ತೆಗೆದು ಪೂರ್ತಿ ಬಸಿಯಲು ಬಿಡಿ. ದೊಡ್ಡ ಕುಂಡವಾದರೆ ಹತ್ತು ನಿಮಿಷ ಬಿಟ್ಟು ಹತ್ತು ನಿಮಿಷಕ್ಕೆ ಅರ್ಧರ್ಧ ಲೀಟರಿನಂತೆ ನಾಲ್ಕು ಸಲ ಹಾಕಿದರೂ ಆಗುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಬೇಕೇ?

ನೀರು ಚೆನ್ನಾಗಿ ಬಸಿಯಲಿ ಎಂದು ತಳಕ್ಕೆ ಎರಡಿಂಚು ಜಲ್ಲಿ, ಹೆಂಚಿನ ಚೂರು ಹಾಕುವ ಪದ್ಧತಿ ಹಳೆಯದು. ಇದರಿಂದ ಆಗುವುದು ಅಂದುಕೊಂಡದ್ದಕ್ಕೆ ವಿರುದ್ಧ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ, ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಅದನ್ನೇ ಉದ್ದಕ್ಕೆ ತಿರುಗಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಇಳಿಯುತ್ತದೆ, ಆದರೆ ಅಡಿಯ ಒಂದು ಪಟ್ಟಿ ಮಾತ್ರ ಯಾವಾಗಲೂ ಒದ್ದೆಯಾಗಿಯೇ ಉಳಿಯುತ್ತದೆ. ಮಣ್ಣಿನಲ್ಲೂ ಇದೇ ನಡೆಯುತ್ತದೆ. ನುಣುಪು ಮಣ್ಣಿನಿಂದ ಜಲ್ಲಿಯ ದೊಡ್ಡ ಸಂದುಗಳಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆ ನಿಲ್ಲುತ್ತದೆ. ಆ ಒದ್ದೆ ಪಟ್ಟಿ ಎರಡಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನಿಂದ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಅಥವಾ ತೆಂಗಿನ ನಾರಿನ ತುಣುಕು ಸಾಕು.

ಬಿಸಿಲು ಎಲೆಗೂ ಉಂಟು, ಬೇರಿಗೂ ಉಂಟು

ಮೆಣಸಿನ ಗಿಡಕ್ಕೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು, 20ರಿಂದ 30 ಡಿಗ್ರಿಯ ಹವೆ ಹಿತ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24–25ಕ್ಕಿಂತ ಕೆಳಗೆ ಇಳಿಯದೆ ಹೋದರೆ ಪರಾಗ ಕೆಡುತ್ತದೆ, ಕಾಯಿ ಕಟ್ಟದ ಹೂವು ತೊಟ್ಟಿನ ಸಮೇತ ಉದುರುತ್ತದೆ. ಇದಕ್ಕೆ ಅಂಗಡಿಯಲ್ಲಿ ಸಿಗುವ ಹೂವು ನಿಲ್ಲಿಸುವ ಔಷಧಿಗಿಂತ ಮೊದಲ ಮಳೆ ಒಳ್ಳೆಯ ಮದ್ದು. ಹವೆ ತಣಿದರೆ ಹೂವು ತಾನಾಗಿ ನಿಲ್ಲುತ್ತದೆ.

ನೆಲದ ಗಿಡಕ್ಕೂ ತಾರಸಿಯ ಗಿಡಕ್ಕೂ ದೊಡ್ಡ ವ್ಯತ್ಯಾಸ ಇರುವುದು ಬೇರಿನ ಬಿಸಿಯಲ್ಲಿ. ನೆಲದೊಳಗೆ ಅರ್ಧ ಅಡಿ ಇಳಿದರೆ ತಂಪು ಸಿಗುತ್ತದೆ. ಕಾದ ಕಾಂಕ್ರೀಟಿನ ಮೇಲೆ ಕೂತ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರಿಗೆ ಓಡಿಹೋಗಲು ಜಾಗವೇ ಇಲ್ಲ, ಪಶ್ಚಿಮದ ಬಿಸಿಲು ಬೀಳುವ ಮಗ್ಗುಲಿನ ಬೇರುಗಳು ಬೆಂದೇ ಹೋಗುತ್ತವೆ. ಮಧ್ಯಾಹ್ನ ಕುಂಡದ ಗೋಡೆಗೆ ಅಂಗೈ ಒತ್ತಿ ಹಿಡಿಯಲು ಆಗದಿದ್ದರೆ ಒಳಗಿರುವ ಬೇರಿನ ಗತಿ ಊಹಿಸಿಕೊಳ್ಳಬಹುದು.

ಮಾಡಬೇಕಾದ್ದು ಸುಲಭ. ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ, ದೊಡ್ಡವನ್ನು ಪಶ್ಚಿಮಕ್ಕೆ ಇಡಿ. ಹೊರಗೋಡೆಗೆ ಹಳೆಯ ಗೋಣಿಚೀಲ ಸುತ್ತಿ. ಅಡಿಗೆ ಇಟ್ಟಿಗೆ ಅಥವಾ ಹಲಗೆ ಕೊಡಿ. ಮಣ್ಣಿನ ಮೇಲೆ ಒಣಗಿದ ಎಲೆ, ಕಬ್ಬಿನ ರವದಿ, ತೆಂಗಿನ ನಾರು ಯಾವುದಾದರೂ ಎರಡು ಇಂಚು ದಪ್ಪ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಶೇ 50ರ ನೆರಳು ಬಲೆ ಸಿಕ್ಕರೆ ಸಾಕು. ಬಲೆಯನ್ನು ಗಿಡಕ್ಕಿಂತ ಎರಡು ಅಡಿಯಾದರೂ ಮೇಲೆ ಕಟ್ಟಿದರೆ ಗಾಳಿ ಆಡುತ್ತದೆ.

ನರ್ಸರಿಯಿಂದ ತಂದ ಸಸಿಯನ್ನು ಆ ದಿನವೇ ತಾರಸಿಗೆ ಏರಿಸುವುದರಿಂದ ಇನ್ನೊಂದು ಬಗೆಯ ಹಾನಿ. ಬಲೆಯ ಅಡಿ ಬೆಳೆದ ಎಲೆ ನೇರ ಬಿಸಿಲು ಕಂಡಿರುವುದಿಲ್ಲ, ಎರಡೇ ದಿನದಲ್ಲಿ ಬಿಳಿಚಿದ ಕಾಗದದಂಥ ಮಚ್ಚೆ ಮೂಡುತ್ತದೆ. ಮೊದಲ ದಿನ ಒಂದು ಗಂಟೆ ಬೆಳಗಿನ ಬಿಸಿಲು, ಆಮೇಲೆ ದಿನಕ್ಕೊಂದು ಗಂಟೆ ಏರಿಸುತ್ತ ಎಂಟು ಹತ್ತು ದಿನ ತೆಗೆದುಕೊಳ್ಳಿ.

ಕಾಣದ ಶತ್ರು: ನೀರಿನ ಉಪ್ಪು

ಉಪ್ಪಿನಕಾಯಿಗೆ ಮಾವಿನ ಹೋಳು ಹಾಕಿ ಉಪ್ಪು ಬೆರೆಸಿದರೆ ಹೋಳಿನ ನೀರೆಲ್ಲ ಹೊರಬರುತ್ತದಲ್ಲ, ಕುಂಡದ ಮಣ್ಣಿನಲ್ಲಿ ಲವಣ ಹೆಚ್ಚಿದಾಗ ಬೇರಿಗೆ ಆಗುವುದೂ ಅದೇ. ಬೇರು ನೀರನ್ನು ಎಳೆದುಕೊಳ್ಳಲು ಹೆಣಗುತ್ತದೆ. ಲವಣ ಬರುವುದು ಮೂರು ಕಡೆಯಿಂದ: ಗಡಸು ಬೋರ್ ನೀರು, ಅಳತೆ ಮೀರಿದ ರಾಸಾಯನಿಕ ಗೊಬ್ಬರ, ತೊಳೆಯದ ಕೋಕೋಪೀಟ್. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಲ್ಲಿ ನಿಮ್ಮ ನಲ್ಲಿಯ ಲವಣವೇ ಸಾಂದ್ರವಾಗಿ ಕೂಡಿರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ ಅದು ಸರಿ, ಮೆಣಸಿನ ಕುಂಡಕ್ಕೆ ದಿನನಿತ್ಯ ಬೇಡ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಧಾರಾಳವಾಗಿ ಬಳಸಬಹುದು.

ಲಕ್ಷಣಗಳು: ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗುವುದು, ಮಣ್ಣಿನ ಮೇಲೆ ಅಥವಾ ಮಣ್ಣಿನ ಕುಂಡದ ಹೊರಮೈಗೆ ಬಿಳಿ ಪುಡಿ ಕಟ್ಟುವುದು, ಗೊಬ್ಬರ ಹಾಕಿದ ಎರಡು ಮೂರು ದಿನದಲ್ಲಿ ಗಿಡ ಇದ್ದಕ್ಕಿದ್ದಂತೆ ಬಾಡುವುದು. ಉಪಾಯ ಒಂದೇ, ತೊಳೆಯುವುದು. ಮೇಲಿನ ಬಿಳಿ ಪುಡಿಯನ್ನು ಕೆರೆದು ತೆಗೆದು, ಮಣ್ಣಿನ ಅಳತೆಯ ಎರಡು ಪಟ್ಟು ಸಿಹಿನೀರನ್ನು ನಿಧಾನವಾಗಿ ಹಾಯಿಸಿ. 12 ಇಂಚಿನ ಕುಂಡದಲ್ಲಿ ಸುಮಾರು 15 ಲೀಟರ್ ಮಣ್ಣಿದ್ದರೆ 30 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇದು ದುಬಾರಿ ಅನ್ನಿಸುವುದು ಸಹಜ. ಹರಿದ ನೀರನ್ನು ಹಿಡಿದು ಅಂಗಳ ತೊಳೆಯಲು ಬಳಸಬಹುದು, ಬೇರೆ ಕುಂಡಕ್ಕೆ ಮಾತ್ರ ಹಾಕಬೇಡಿ. ಮುಂಗಾರಿನ ಮೊದಲ ಜೋರು ಮಳೆ ಇದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ

ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡಬಲ್ಲವು, ಕೆಲವು ಒಮ್ಮೆ ಕೂತಲ್ಲಿಂದ ಕದಲಲಾರವು. ಸಾರಜನಕ, ಮೆಗ್ನೀಸಿಯಂ ಓಡಾಡುವ ಜಾತಿ. ಕೊರತೆ ಬಿದ್ದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ ಸಾಲದು, ಕೆಳಗಿನ ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಸಾಲದು. ಕಬ್ಬಿಣ ಕದಲದ ಜಾತಿ. ಅದು ಸಾಲದಿದ್ದರೆ ಸುಳಿಯ ಎಲೆಯೇ ಹಳದಿಯಾಗಿ ನರ ಮಾತ್ರ ಹಸಿರು ಗೆರೆಯಂತೆ ಕಾಣುತ್ತದೆ.

ಕಬ್ಬಿಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಗಡಸು ನೀರು ಹಾಕುತ್ತ ಹಾಕುತ್ತ ಮಣ್ಣು ಕ್ಷಾರವಾಗುತ್ತದೆ, ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ. ಬೀರುವಿನಲ್ಲಿ ದುಡ್ಡಿದೆ, ಬೀಗದ ಕೈ ಇಲ್ಲ ಎಂಬಂಥ ಸ್ಥಿತಿ. ಮೆಣಸಿಗೆ ಹಿತವಾದ ರಸಸಾರ (ಮಣ್ಣಿನ ಪಿಎಚ್) 6ರಿಂದ 6.8. ಮಳೆನೀರು, ಎರೆಗೊಬ್ಬರ ಇವು ಆ ಕಡೆಗೆ ತಿರುಗಿಸಲು ನೆರವಾಗುತ್ತವೆ. ತುರ್ತಿಗೆ ಎಲೆಗೆ ಸಿಂಪಡಿಸುವ ಸೂಕ್ಷ್ಮ ಪೋಷಕಾಂಶ ಮಿಶ್ರಣಗಳಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ 'ಅರ್ಕಾ ವೆಜಿಟೆಬಲ್ ಸ್ಪೆಷಲ್' ಅಂಥದ್ದೊಂದು, ಪೊಟ್ಟಣದ ಮೇಲಿನ ಅಳತೆ ಮೀರದಿದ್ದರಾಯಿತು. ಮೆಗ್ನೀಸಿಯಂ ಕೊರತೆಗೆ ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಒಂದು ಲೀಟರಿಗೆ ಒಂದು ಚಮಚ, ಅಂದರೆ 5 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಎರಡು ವಾರ ಬಿಟ್ಟು ಇನ್ನೊಮ್ಮೆ ಸಾಕು. ಕೆಳಗಿನ ಎಲೆಯ ಈ ಲಕ್ಷಣ ಕಾಣದೆ ಸುಮ್ಮನೆ ಹಾಕಿದರೆ ಅದೂ ಇನ್ನೊಂದು ಉಪ್ಪು.

ಕಾಯಿಯ ತುದಿ ಕಪ್ಪಾಗಿ ಗುಂಡಿ ಬೀಳುವುದು ದೊಣ್ಣೆ ಮೆಣಸಿನಕಾಯಿಯಲ್ಲಿ ಹೆಚ್ಚು. ಕ್ಯಾಲ್ಸಿಯಂ ನೀರಿನ ಜೊತೆಗೆ ಮಾತ್ರ ಮೇಲೆ ಹೋಗುತ್ತದೆ, ಒಂದು ದಿನ ಕೆರೆ, ಎರಡು ದಿನ ಬರ ಎಂಬಂತೆ ನೀರು ಕೊಟ್ಟರೆ ಕಾಯಿಯ ತುದಿಗೆ ತಲಪುವುದಿಲ್ಲ. ಹೆಚ್ಚಿನ ಸಲ ನೀರಿನ ಕ್ರಮ ಸರಿಪಡಿಸಿದರೆ ಮುಂದಿನ ಕಾಯಿ ಸರಿಹೋಗುತ್ತವೆ.

ಮುಟುರಿದ ಎಲೆ: ದೋಣಿ ಯಾವ ಕಡೆಗೆ ಮಗುಚಿದೆ?

ಮೆಣಸಿನ ಎಲೆ ಮುದುಡಿದರೆ ಎಲ್ಲರೂ ಹೇಳುವುದು 'ಮುಟುರು ರೋಗ' ಎಂದೇ. ಆ ಒಂದು ಹೆಸರಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ.

ಎಲೆಯ ಅಂಚು ಮೇಲಕ್ಕೆ ಸುರುಳಿಯಾಗಿ ದೋಣಿಯಂತಾದರೆ ಥ್ರಿಪ್ಸ್ ನುಸಿ. ಸುಳಿಯನ್ನೋ ಹೂವನ್ನೋ ಬಿಳಿ ಹಾಳೆಯ ಮೇಲೆ ತಟ್ಟಿದರೆ ಒಂದು ಮಿಲಿಮೀಟರ್ ಉದ್ದದ ಗೀರಿನಂಥ ಹುಳುಗಳು ಓಡಾಡುತ್ತವೆ. 2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳನ್ನು ಹಾಳುಮಾಡಿದ್ದು ಹೊರಗಿನಿಂದ ಬಂದ ಇಂಥದೊಂದು ಕಪ್ಪು ಥ್ರಿಪ್ಸ್. ಅದು ಹೂವಿನೊಳಗೇ ಗುಂಪುಗುಂಪಾಗಿ ಕೂರುತ್ತದೆ.

ಅಂಚು ಕೆಳಕ್ಕೆ ಬಾಗಿ ದೋಣಿ ಮಗುಚಿದಂತಾದರೆ, ಎಲೆ ಕಿರಿದಾಗಿ ತೊಟ್ಟು ಉದ್ದವಾದರೆ ಅದು ಮೈಟ್ ನುಸಿ. ಬರಿಗಣ್ಣಿಗೆ ಕಾಣುವುದಿಲ್ಲ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಬೇಕು. ಮೂರನೆಯದು ಬಿಳಿನೊಣ ಹರಡುವ ನಂಜು, ಅಂದರೆ ವೈರಸ್. ಸುಳಿಯ ಎಲೆಗಳು ಚಿಕ್ಕದಾಗಿ, ಸುಕ್ಕುಗಟ್ಟಿ, ಗುಚ್ಛದಂತೆ ಒತ್ತಾಗಿ, ನರ ಬಿಳಿಚಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಗಿಡ್ಡಾಗಿ ನಿಲ್ಲುತ್ತದೆ. ನಂಜಿಗೆ ಮದ್ದಿಲ್ಲ.

ಥ್ರಿಪ್ಸ್ ಮತ್ತು ಬಿಳಿನೊಣಕ್ಕೆ ಬೇವಿನ ಎಣ್ಣೆ: ಮೊದಲು ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ 1–2 ಮಿಲಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಅದಕ್ಕೆ 5 ಮಿಲಿ ಎಣ್ಣೆ ಸೇರಿಸಿ ಹಾಲಿನ ಬಣ್ಣ ಬರುವ ತನಕ ಕಲಕಿ, ಒಂದು ಲೀಟರಿಗೆ ನೀರು ತುಂಬಿ. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ತೇಲುತ್ತದೆ, ಕೊನೆಯ ಸಿಂಪಡಣೆಯಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ, ಆರು ದಿನಕ್ಕೊಮ್ಮೆಯಂತೆ ಮೂರು ಸಲ. ಕಲಸಿದ್ದನ್ನು ಅಂದೇ ಮುಗಿಸಬೇಕು. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2–3 ಗ್ರಾಂ. ಹವೆ 32 ಡಿಗ್ರಿ ಮೀರಿದ ದಿನಗಳಲ್ಲಿ ಗಂಧಕ ಬೇಡ, ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೂ ಬೇಡ, ಎರಡು ಸೇರಿದರೆ ಎಲೆ ಬೇಯುತ್ತದೆ. ಬಾಡಿ ನಿಂತ ಗಿಡಕ್ಕೆ ಯಾವ ಸಿಂಪಡಣೆಯೂ ಸಲ್ಲದು, ಮೊದಲು ನೀರು ಕುಡಿದು ಎಲೆ ನೆಟ್ಟಗಾಗಲಿ.

ಹುಳವೋ ನಂಜೋ ಎಂದು ತಿಳಿಯದಿದ್ದರೆ ಮೂರು ಸಿಂಪಡಣೆ ಮುಗಿಸಿ ಕಾಯಿರಿ. ಹುಳದಿಂದಾಗಿದ್ದರೆ ಆಮೇಲೆ ಬರುವ ಚಿಗುರು ಸರಿಯಾಗಿರುತ್ತದೆ, ನಂಜಾಗಿದ್ದರೆ ಅದೂ ಮುದುಡಿಯೇ ಬರುತ್ತದೆ.

ಚೇತರಿಕೆಯ ಮೊದಲ ಮೂರು ವಾರ

ಕಾರಣ ಏನೇ ಇರಲಿ, ಮೊದಲ ದಿನದ ಕೆಲಸ ಒಂದೇ: ಕುಂಡವನ್ನು ಬೆಳಗಿನ ಎರಡು ಮೂರು ಗಂಟೆ ಬಿಸಿಲು ಬಿದ್ದು ಆಮೇಲೆ ನೆರಳಾಗುವ ಜಾಗಕ್ಕೆ ಸರಿಸುವುದು. ಪೂರ್ತಿ ಕತ್ತಲ ಮೂಲೆ ಬೇಡ, ಬೆಳಕಿಲ್ಲದೆ ಆಹಾರ ತಯಾರಾಗದು. ಅದೇ ದಿನ ಎಲ್ಲ ಕಾಯಿಗಳನ್ನೂ ಕೊಯ್ದುಬಿಡಿ, ಹೂವು ಮೊಗ್ಗು ಚಿವುಟಿ. ಇದು ಕೆಲವರಿಗೆ ಹೊಟ್ಟೆಗೆ ಚೂರಿ ಹಾಕಿದಂತೆ ಅನ್ನಿಸಬಹುದು. ಆದರೆ ಬೀಜ ಕಟ್ಟುತ್ತಿರುವ ಕಾಯಿ ಗಿಡದ ಆಹಾರದಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುತ್ತದೆ, ಬೇರು ಕಟ್ಟಲು ಏನೂ ಉಳಿಯುವುದಿಲ್ಲ.

ಗೊಬ್ಬರ ನಿಲ್ಲಿಸಿ. ಹೊಸ ಚಿಗುರು ಕಾಣುವವರೆಗೆ ಜೀವಾಮೃತವೂ ಬೇಡ, ಹಿಂಡಿ ನೆನೆಸಿದ ನೀರೂ ಬೇಡ. ಜ್ವರ ಬಂದವರಿಗೆ ಗಂಜಿ ಕೊಡುತ್ತೇವೆಯೇ ಹೊರತು ಹೋಳಿಗೆ ಊಟ ಹಾಕುವುದಿಲ್ಲ. ನೀರು ಬೆಳಗ್ಗೆ ಎಂಟರೊಳಗೆ, ಬೆರಳ ಪರೀಕ್ಷೆ ಮಾಡಿ, ತಳದಿಂದ ಸ್ವಲ್ಪ ಹೊರಬರುವಷ್ಟು ಕೊಡಿ. ದಿನಕ್ಕಿಷ್ಟು ಲೋಟ ಎಂಬ ಲೆಕ್ಕ ಕೆಲಸಕ್ಕೆ ಬಾರದು, ಮೋಡದ ದಿನಕ್ಕೂ ಗಾಳಿಯ ದಿನಕ್ಕೂ ಬಳಕೆ ಎರಡು ಪಟ್ಟು ವ್ಯತ್ಯಾಸವಾಗುತ್ತದೆ.

ಐದಾರು ದಿನದ ಬಳಿಕ ಯಾವ ಕೊಂಬೆಗೆ ಜೀವ ಇದೆ ಎಂಬುದು ಗೊತ್ತಾಗುತ್ತದೆ. ಒಣಗಿದ ಕೊಂಬೆಗಳನ್ನು ಹಸಿರು ಗೆಣ್ಣಿನ ಅರ್ಧ ಇಂಚು ಮೇಲಕ್ಕೆ ಕತ್ತರಿಸಿ. ಹಸಿರು ಭಾಗದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ. ಕತ್ತರಿಯನ್ನು ಸಾಬೂನು ನೀರಿನಲ್ಲಿ ತೊಳೆಯುವುದು ಒಳ್ಳೆಯದು. ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈಯನ್ನೂ ತೊಳೆಯಿರಿ: ಮೆಣಸು, ಟೊಮೆಟೊ, ತಂಬಾಕು ಒಂದೇ ಕುಟುಂಬದವು, ತಂಬಾಕಿನ ನಂಜು ಕೈಯಿಂದ ಮೆಣಸಿಗೆ ದಾಟಬಲ್ಲದು.

ಏಳರಿಂದ ಹತ್ತು ದಿನಕ್ಕೆ ಗೆಣ್ಣುಗಳಲ್ಲಿ ಸೂಜಿಮೊನೆಯಷ್ಟು ಹಸಿರು ಮೂಡಬೇಕು. ಸುಟ್ಟ, ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗಲೆಂದು ಕಾಯುವುದು ವ್ಯರ್ಥ, ಚೇತರಿಕೆಯನ್ನು ಅಳೆಯಬೇಕಾದ್ದು ಹೊಸ ಎಲೆಯಿಂದ. ಹೊಸ ಎಲೆ ಎರಡು ಮೂರು ಜೊತೆ ಬಿಚ್ಚಿಕೊಂಡ ಮೇಲೆ, ಅಂದರೆ ಮೂರನೆಯ ವಾರದ ಹೊತ್ತಿಗೆ, ಒಂದು ಹಿಡಿ ಎರೆಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿ. ದ್ರವಗೊಬ್ಬರ ಕೊಡುವುದಾದರೆ ಪೊಟ್ಟಣದಲ್ಲಿ ಹೇಳಿದ ಅರ್ಧ ಅಳತೆ. ಮತ್ತೆ ಹೂವು ಕಾಣಲು ಒಂದರಿಂದ ಒಂದೂವರೆ ತಿಂಗಳು ಹಿಡಿಯುತ್ತದೆ.

ಈ ಅವಧಿಯಲ್ಲಿ ದೊಡ್ಡ ತಪ್ಪೆಂದರೆ ಒಂದೇ ದಿನ ಕುಂಡ ಬದಲಿಸಿ, ಕತ್ತರಿಸಿ, ಸಿಂಪಡಿಸಿ, ಗೊಬ್ಬರ ಹಾಕುವುದು. ಗಿಡ ಎದ್ದರೂ ಯಾವುದರಿಂದ ಎದ್ದಿತು ಎಂದು ತಿಳಿಯದು, ಬಿದ್ದರಂತೂ ಕೇಳುವುದೇ ಬೇಡ.

ಕುಂಡ ಬದಲಿಸಬೇಕಾಗಿ ಬಂದರೆ

ಬದಲಿಸುವುದೂ ಗಿಡಕ್ಕೆ ಒಂದು ಏಟೇ. ಕೊಳೆತ ಬೇರು, ನೀರು ಇಳಿಯದಷ್ಟು ಗಟ್ಟಿಯಾದ ಮಣ್ಣು, ಗಡ್ಡೆಯ ಸುತ್ತ ಹುರಿಯಂತೆ ಸುತ್ತಿಕೊಂಡ ಬೇರು, ಈ ಮೂರರಲ್ಲಿ ಒಂದಿದ್ದರೆ ಮಾತ್ರ ಮುಂದಾಗಿ. ಒಂದು ಗಿಡಕ್ಕೆ 10ರಿಂದ 12 ಇಂಚಿನ ಕುಂಡ ಸರಿ. ಸೊರಗಿದ ಸಣ್ಣ ಗಿಡವನ್ನು ಒಮ್ಮೆಲೇ ದೊಡ್ಡ ಡ್ರಮ್ಮಿಗೆ ಇಳಿಸಿದರೆ ಬೇರು ತಲಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿರುತ್ತದೆ.

ಮಿಶ್ರಣಕ್ಕೆ ಕೆಮ್ಮಣ್ಣು ಒಂದು ಪಾಲು, ತೊಳೆದ ಕೋಕೋಪೀಟ್ ಒಂದು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಮಳೆ ಹೆಚ್ಚಿರುವ ಮಲೆನಾಡು, ಕರಾವಳಿಯಲ್ಲಿ ಕೋಕೋಪೀಟ್ ಅರ್ಧಕ್ಕೆ ಇಳಿಸಿ ಆ ಜಾಗಕ್ಕೆ ದಪ್ಪ ಮರಳು ಹಾಕಿ, ಕುಂಡವನ್ನು ಸೂರಿನ ನೀರು ಬೀಳದ ಕಡೆ ಇಡಿ. ಕಳಿಯದ ಸಗಣಿ ಗೊಬ್ಬರ ಕುಂಡದೊಳಗೆ ಬಿಸಿಯೇರಿ ಬೇರು ಸುಡುತ್ತದೆ, ಕೈಗೆ ಬಿಸಿ ತಾಗಿದರೆ ಅಥವಾ ಸಗಣಿ ವಾಸನೆ ಬಂದರೆ ಅದನ್ನು ಇನ್ನೂ ತಿಂಗಳು ಬಿಡಿ.

ಸಂಜೆ ಹೊತ್ತು, ಗಿಡಕ್ಕೆ ಒಂದು ಗಂಟೆ ಮೊದಲು ನೀರು ಕೊಟ್ಟು ಕೆಲಸ ಶುರುಮಾಡಿ. ಕೊಳೆತ ಬೇರನ್ನು ಕತ್ತರಿಸಿ ತೆಗೆಯಿರಿ, ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ. ಮೊದಲಿದ್ದ ಆಳಕ್ಕೇ ನೆಡಿ. ಬೇರು ಎಷ್ಟು ಹೋಯಿತೋ ಸುಮಾರು ಅಷ್ಟೇ ಪಾಲು ಎಲೆಯನ್ನೂ ಕಡಿಮೆ ಮಾಡಿ, ಉಳಿದ ಬೇರು ಸಾಕಬಲ್ಲಷ್ಟೇ ಎಲೆ ಇರಲಿ. ಬೇರು ತೀರ ಹೆಚ್ಚು ಕೊಳೆತಿದ್ದಾಗ ಮಾತ್ರ ಹಸಿರು ಭಾಗದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತೆಗೆಯಬಾರದೆಂಬ ಮಿತಿ ದಾಟಬೇಕಾಗಬಹುದು. ಐದು ದಿನ ನೆರಳು.

ಅಡುಗೆಮನೆಯ ಮದ್ದುಗಳು

ಮೊಟ್ಟೆ ಚಿಪ್ಪು ಕರಗಲು ತಿಂಗಳುಗಳೇ ಬೇಕು, ಕಪ್ಪಾದ ಕಾಯಿಯನ್ನು ಅದು ಈ ವಾರ ಸರಿಪಡಿಸುವುದಿಲ್ಲ. ಟೀ ಚರಟವನ್ನು ಹಸಿಹಸಿಯಾಗಿ ಹಾಕಿದರೆ ಬೂಸ್ಟು, ಸಣ್ಣ ಕಪ್ಪು ನೊಣ ಗ್ಯಾರಂಟಿ, ಕಾಂಪೋಸ್ಟ್ ಡಬ್ಬಕ್ಕೆ ಹಾಕುವುದು ಲೇಸು. ಅಕ್ಕಿ ತೊಳೆದ ನೀರಿನಿಂದ ತೊಂದರೆಯಿಲ್ಲ. ಉಪ್ಪು ಹಾಕಿ ಬೇಯಿಸಿದ ತರಕಾರಿಯ ನೀರು, ಪಾತ್ರೆ ತೊಳೆದ ಸಾಬೂನು ನೀರು ಬೇಡ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಗುಣಗಾನ ಬಹಳ ನಡೆದಿದೆ. ಸೊರಗಿದ ಗಿಡಕ್ಕೆ ಅದು ಹೆಚ್ಚೆಂದರೆ ನೀರು.

ಯಾವ ಗಿಡವನ್ನು ಕೈಬಿಡಬೇಕು?

ಎಲೆ ಹಳದಿಯಾಗದೆ ಹಸಿರಾಗಿದ್ದ ಹಾಗೆಯೇ ಇಡೀ ಗಿಡ ಎರಡು ಮೂರು ದಿನದಲ್ಲಿ ಕುಸಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಶಂಕೆ ಇದೆ. ಬುಡದ ಹತ್ತಿರದ ಕಾಂಡವನ್ನು ಎರಡು ಇಂಚು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನೇತುಹಾಕಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನ ನೂಲಿನಂತೆ ಬಿಳಿದ್ರವ ಇಳಿದರೆ ಖಾತ್ರಿ. ಇದಕ್ಕೆ ಮದ್ದಿಲ್ಲ. ಗಿಡವನ್ನು ಮನೆಯ ಕಾಂಪೋಸ್ಟಿಗೆ ಹಾಕದೆ ಕಟ್ಟಿ ಹೊರಗೆ ಹಾಕಿ. ಆ ಮಣ್ಣನ್ನು ಮತ್ತೆ ಮೆಣಸು, ಟೊಮೆಟೊ, ಬದನೆ, ಆಲೂಗಡ್ಡೆಗೆ ಬಳಸುವಂತಿಲ್ಲ, ಪೂರ್ತಿ ಬದಲಿಸುವುದೇ ಕ್ಷೇಮ. ಕುಂಡವನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ.

ನಂಜು ತಗುಲಿದ ಗಿಡವನ್ನೂ ಉಳಿಸಿಕೊಳ್ಳುವುದು ಬೇಡ, ಬಿಳಿನೊಣ ಅದರಿಂದ ಪಕ್ಕದ ಗಿಡಕ್ಕೆ ಒಯ್ಯುತ್ತದೆ. ಕೀಳುವ ಮೊದಲು ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟಿದರೆ ನೊಣಗಳು ಹಾರಿ ಚದುರುವುದಿಲ್ಲ. ಎಲೆ ಮುಟುರಿನ ಈ ನಂಜು ಮಣ್ಣಿನಲ್ಲಿ ಉಳಿಯುವಂಥದ್ದಲ್ಲ, ಬಿಳಿನೊಣ ಹತೋಟಿಗೆ ಬಂದ ಮೇಲೆ ಅದೇ ಕುಂಡದ ಅದೇ ಮಣ್ಣಿಗೆ ಒಂದೆರಡು ಹಿಡಿ ಎರೆಗೊಬ್ಬರ ಸೇರಿಸಿ ಹೊಸ ಸಸಿ ನೆಡಬಹುದು.